ಮನೆಯಲ್ಲಿ ಕಟ್ಟಿದ ಕಿಟ್ ಕಾರು: ಬ್ರೇಕ್ ಮತ್ತು ಪೆಟ್ರೋಲ್ ಪೈಪುಗಳಲ್ಲಿ ದೋಷ ಹುಡುಕುವ ಬಗೆ

ಕಂಪನಿಯಿಂದ ಬಂದ ಕಾರಿನ ಬ್ರೇಕ್ ಕೆಟ್ಟರೆ ಮೆಕ್ಯಾನಿಕ್ ಮೊದಲು ನೋಡುವುದು ಸವೆದದ್ದನ್ನು: ಪ್ಯಾಡು, ರಬ್ಬರ್ ಸೀಲು, ತುಕ್ಕು ಹಿಡಿದ ಪೈಪು. ಬಿಡಿಭಾಗಗಳನ್ನು ತಂದು ನಾವೇ ಜೋಡಿಸುವ ಕಿಟ್ ಕಾರಿನಲ್ಲಿ ಈ ದಾರಿ ಹಿಡಿದರೆ ಹೊಸ ಸಾಮಾನನ್ನೇ ಮತ್ತೆ ಮತ್ತೆ ಬದಲಾಯಿಸುತ್ತ ಕೂರಬೇಕಾಗುತ್ತದೆ. ಇಲ್ಲಿ ಏನೂ ಸವೆದಿಲ್ಲ. ಆದರೆ ಈ ಪೈಪು ಆ ಸಿಲಿಂಡರಿಗೆ, ಈ ಪಂಪು ಆ ಕಾರ್ಬ್ಯುರೇಟರಿಗೆ ಹೊಂದುತ್ತದೆಯೇ ಎಂದು ಯಾವ ಕಂಪನಿಯೂ ಪರೀಕ್ಷೆ ಮಾಡಿಲ್ಲ. ಆ ಕೆಲಸ ಕಟ್ಟುವವರ ಮೇಲೆಯೇ ಬಿದ್ದಿದೆ. ಹೊಸದಾಗಿ ಕಟ್ಟಿದ ಕಾರಿನಲ್ಲಿ ಕಾಣುವ ಬಹುಪಾಲು ದೋಷಗಳು ಹೊಂದಿಕೆಯ ದೋಷಗಳೇ.

ಉದಾಹರಣೆಗೆ ಬ್ರಿಟನ್ನಿನಲ್ಲಿ ಹೆಚ್ಚು ಜನ ಮನೆಯ ಗ್ಯಾರೇಜಿನಲ್ಲಿ ಕಟ್ಟುವ ಬಗೆಯ ಕಾರನ್ನೇ ತೆಗೆದುಕೊಳ್ಳೋಣ. 1957ರ ಲೋಟಸ್ ಸೆವೆನ್ ಇದರ ಮೂಲ. 1973ರಿಂದ ಕೇಟರ್‌ಹ್ಯಾಮ್ ಅದನ್ನು ಮುಂದುವರಿಸಿತು, ಅದೇ ಆಕಾರದ ಕಿಟ್‌ಗಳನ್ನು ಬೇರೆಯವರೂ ಮಾಡುತ್ತಾರೆ. ಕೊಳವೆ ಚಾಸಿ, ಮುಂದೆ ಎಂಜಿನ್, ಹಿಂದೆ ಟ್ಯಾಂಕ್, ನಡುವಿನ ಟನೆಲ್‌ನಲ್ಲಿ ಪ್ರೊಪೆಲ್ಲರ್ ಶಾಫ್ಟು ಮತ್ತು ಅದರ ಪಕ್ಕದಲ್ಲೇ ಪೈಪುಗಳು. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಹಳೆಯ ಫೋರ್ಡ್ ಸಿಯೆರಾ ಕಾರಿನದು, ಪೆಡಲಿನ ಬಲವನ್ನು ಫ್ಲೂಯಿಡಿನ ಒತ್ತಡವಾಗಿಸುವ ಮಾಸ್ಟರ್ ಸಿಲಿಂಡರ್ ಇಂಚಿನ ಅಳತೆಯ ರೇಸಿಂಗ್ ಸಾಮಾನು, ಹೋಸುಗಳು ಇನ್ನೊಂದು ಕಡೆಯವು. ಇವು ಸೇರುವ ಪ್ರತಿ ಕೀಲಿನಲ್ಲೂ ಎರಡು ಬೇರೆ ಪದ್ಧತಿಗಳು ಎದುರಾಗುತ್ತವೆ.

ನಟ್ ಸಡಿಲಿಸುವ ಮೊದಲು ಪೆಡಲ್ ಒತ್ತಿ ನೋಡಿ

ದೋಷ ಎಲ್ಲಿದೆ ಎಂಬುದಕ್ಕೆ ಪೆಡಲ್ಲೇ ಮೊದಲ ಸಾಕ್ಷಿ. ಒಂದು ನಟ್ ಸಡಿಲಿಸಿದರೂ ಒಳಗೆ ಗಾಳಿ ಸೇರಿ ಆ ಸಾಕ್ಷಿ ಅಳಿಸಿಹೋಗುತ್ತದೆ. ಹಾಗಾಗಿ ಮೊದಲು ಎಂಜಿನ್ ಆರಿಸಿ, ಕಾರು ನಿಂತಲ್ಲೇ ಈ ನಾಲ್ಕನ್ನು ಬೇರೆ ಬೇರೆಯಾಗಿ ಗುರುತಿಸಿ.

ಪೆಡಲ್ ಒತ್ತಿದಷ್ಟೂ ರಬ್ಬರಿನಂತೆ ಬಗ್ಗುತ್ತ ಹೋಗಿ, ಬಿಟ್ಟಾಗ ಚಿಮ್ಮಿ ಬಂದರೆ ಒಳಗೆ ಗಾಳಿ ಇದೆ. ಮೊದಲ ಒತ್ತಿಗೆ ಬಹಳ ಕೆಳಗೆ ಹೋಗಿ, ಬೇಗ ಬೇಗ ಎರಡು ಮೂರು ಸಲ ಒತ್ತಿದಾಗ ಮೇಲೇರಿ ಗಟ್ಟಿಯಾದರೆ ಬಹುಮಟ್ಟಿಗೆ ಅದು ಗಾಳಿಯ ದೋಷವಲ್ಲ. ಪ್ಯಾಡು ಡಿಸ್ಕಿನಿಂದ, ಇಲ್ಲವೇ ಶೂ ಡ್ರಮ್ಮಿನಿಂದ ದೂರ ನಿಂತಿದೆ. ಒಂದೇ ಸಮನೆ ಒತ್ತಿ ಹಿಡಿದಾಗ ಒಂದು ನಿಮಿಷದೊಳಗೆ ನಿಧಾನವಾಗಿ ಕೆಳಗಿಳಿದರೆ ಬ್ರೇಕ್ ಫ್ಲೂಯಿಡ್ ಎಲ್ಲೋ ಹೊರಗೆ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲನ್ನು ದಾಟಿ ಹಿಂದಕ್ಕೆ ಹೋಗುತ್ತಿದೆ. ಪೆಡಲ್ ಕಲ್ಲಿನಂತೆ ಗಟ್ಟಿಯಿದ್ದೂ ಕಾರು ನಿಲ್ಲದಿದ್ದರೆ ಬಹುಮಟ್ಟಿಗೆ ಪೈಪುಗಳಲ್ಲಿ ದೋಷವಿಲ್ಲ, ಅಳತೆಗಳಲ್ಲಿ ಇದೆ.

ಈ ನಾಲ್ಕನ್ನೂ ಕಲೆಸಿಬಿಟ್ಟರೆ ಎಲ್ಲಕ್ಕೂ ಒಂದೇ ಮದ್ದು ಎಂಬಂತೆ ಬ್ಲೀಡ್ ಮಾಡುತ್ತಲೇ, ಅಂದರೆ ಫ್ಲೂಯಿಡ್ ಹರಿಸಿ ಗಾಳಿ ಹೊರತೆಗೆಯುತ್ತಲೇ ಇರುತ್ತೇವೆ. ಲೀಟರುಗಟ್ಟಲೆ ಫ್ಲೂಯಿಡ್ ಚೆಲ್ಲಿದರೂ ಗಾಳಿಯಲ್ಲದ ದೋಷ ಬ್ಲೀಡಿಂಗ್‌ನಿಂದ ಹೋಗುವುದಿಲ್ಲ.

ಜಿನುಗುವ ಕೀಲು

ಸೋರಿಕೆ ಹುಡುಕುವ ಕ್ರಮ ಸರಳ. ಎಲ್ಲ ಕೀಲುಗಳನ್ನೂ ಬ್ರೇಕ್ ಕ್ಲೀನರ್ ಹಾಕಿ ಒರೆಸಿ, ಪೂರ್ತಿ ಒಣಗಿಸಿ, ಪ್ರತಿಯೊಂದಕ್ಕೂ ಬಿಳಿ ಟಿಶ್ಯೂ ಕಾಗದ ಸುತ್ತಿ. ಬ್ರೇಕ್ ದೀಪ ಉರಿಯುತ್ತಲೇ ಇರದಂತೆ ಬ್ಯಾಟರಿಯ ಒಂದು ತುದಿ ಬಿಚ್ಚಿ. ಸೀಟಿಗೂ ಪೆಡಲ್‌ಗೂ ನಡುವೆ ಒಂದು ಮರದ ತುಂಡು ಸಿಕ್ಕಿಸಿ, ಪೆಡಲನ್ನು ಬಲವಾಗಿ ಒತ್ತಿದ ಸ್ಥಿತಿಯಲ್ಲೇ ನಿಲ್ಲಿಸಿ. ಹದಿನೈದು ನಿಮಿಷದ ನಂತರ ಒಮ್ಮೆ ನೋಡಿ, ಸಾಧ್ಯವಾದರೆ ಇಡೀ ರಾತ್ರಿ ಹಾಗೆಯೇ ಬಿಟ್ಟು ಬೆಳಿಗ್ಗೆ ಇನ್ನೊಮ್ಮೆ ನೋಡಿ. ಕಣ್ಣಿಗೆ ಕಾಣದಷ್ಟು ಸಣ್ಣ ಜಿನುಗೂ ಕಾಗದದ ಮೇಲೆ ಕಲೆಯಾಗಿ ಮೂಡುತ್ತದೆ. ಗ್ಲೈಕಾಲ್ ಆಧಾರದ ಫ್ಲೂಯಿಡ್ ಬಣ್ಣ ಕೀಳುತ್ತದೆ. ಚಾಸಿಗೆ ಬಿದ್ದರೆ ಕೂಡಲೇ ನೀರು ಹಾಕಿ ತೊಳೆಯಿರಿ.

ಜಿನುಗುವ ಕೀಲು ಸಿಕ್ಕಿದ ಮೇಲೆ ಎಲ್ಲರ ಕೈಯೂ ಮೊದಲು ಮಾಡುವುದು ಇನ್ನಷ್ಟು ಬಿಗಿಯುವುದನ್ನೇ. ಬೇಡ. ಹತ್ತು ಮಿ.ಮೀ. ನಟ್ಟಿಗೆ ಸುಮಾರು 12ರಿಂದ 16 ನ್ಯೂಟನ್ ಮೀಟರ್ ಬಿಗಿ ಸಾಕು. ಅಷ್ಟರಲ್ಲಿ ನಿಲ್ಲದ ಸೋರಿಕೆಗೆ ಕಾರಣ ಬಲದ ಕೊರತೆಯಲ್ಲ. ಮೊದಲು ನಟ್ಟನ್ನು ಒಮ್ಮೆ ಸಡಿಲಿಸಿ, ಮತ್ತೆ ಬಿಗಿದು, ಇನ್ನೊಮ್ಮೆ ಹಾಗೆಯೇ ಮಾಡಿ. ಪೈಪಿನ ಮೆತ್ತನೆಯ ತುದಿ ಸೀಟಿಗೆ, ಅಂದರೆ ರಂಧ್ರದ ತಳದಲ್ಲಿ ತಾನು ಕೂರುವ ಜಾಗಕ್ಕೆ ಒಗ್ಗಿಕೊಂಡು ಸಣ್ಣ ಜಿನುಗು ಹಲವು ಸಲ ಇಲ್ಲೇ ನಿಂತುಬಿಡುತ್ತದೆ. ಇದಕ್ಕೆ ಸಾಮಾನ್ಯ ಓಪನ್ ಸ್ಪ್ಯಾನರ್ ಬೇಡ, ನಟ್ಟಿನ ಮೂಲೆಗಳು ಸವೆಯುತ್ತವೆ. ಫ್ಲೇರ್ ನಟ್ ಸ್ಪ್ಯಾನರ್ ಬಳಸಿ. ಆಗಲೂ ನಿಲ್ಲದಿದ್ದರೆ ಕೀಲನ್ನು ಬಿಚ್ಚಿ ಮೂರು ವಿಷಯ ನೋಡಬೇಕು: ಥ್ರೆಡ್, ಸೀಟು, ಮತ್ತು ಫ್ಲೇರ್, ಅಂದರೆ ಪೈಪಿನ ಅಗಲಿಸಿದ ತುದಿ.

ಮೊದಲು ಥ್ರೆಡ್ ನೋಡಿ, ಏಕೆಂದರೆ ಜೀವಕ್ಕೆ ಅಪಾಯ ಇರುವುದು ಇಲ್ಲಿಯೇ. 4.75 ಮಿ.ಮೀ. ಅಂದರೆ 3/16 ಇಂಚಿನ ಪೈಪಿಗೆ ಸಾಮಾನ್ಯವಾಗಿ ಎರಡು ಬಗೆಯ ನಟ್ ಬರುತ್ತವೆ: 1 ಮಿ.ಮೀ. ಪಿಚ್ಚಿನ (ಥ್ರೆಡ್ಡಿನಿಂದ ಥ್ರೆಡ್ಡಿಗೆ ಇರುವ ಅಂತರ) 10 ಮಿ.ಮೀ. ನಟ್ ಒಂದು, ಇಂಚಿಗೆ 24 ಥ್ರೆಡ್ ಇರುವ 3/8 ಇಂಚಿನ ಯುಎನ್‌ಎಫ್ ನಟ್ ಇನ್ನೊಂದು. 3/8 ಇಂಚು ಎಂದರೆ 9.5 ಮಿ.ಮೀ., ಪಿಚ್ 1.06 ಮಿ.ಮೀ. ಕಣ್ಣಿಗೆ ಎರಡೂ ಒಂದೇ. 10 ಮಿ.ಮೀ. ನಟ್ 3/8ರ ರಂಧ್ರಕ್ಕೆ ಹೋಗುವುದಿಲ್ಲ, ಹಾಗಾಗಿ ಆ ತಪ್ಪು ತಾನಾಗಿಯೇ ಗೊತ್ತಾಗುತ್ತದೆ. ತಿರುಗಮುರುಗ ಆದಾಗಲೇ ಅಪಾಯ: 3/8ರ ನಟ್ 10 ಮಿ.ಮೀ. ರಂಧ್ರಕ್ಕೆ ಸಡಿಲವಾಗಿ ಇಳಿದು, ತಳ ಮುಟ್ಟಿ, ಬಿಗಿಯಾದಂತೆಯೇ ಅನಿಸುತ್ತದೆ. ಥ್ರೆಡ್ಡಿನ ತುದಿಗಳಷ್ಟೇ ಹಿಡಿದಿರುತ್ತವೆ. ಬ್ಲೀಡ್ ಮಾಡುವಾಗ ತಡೆಯಬಹುದು. ಗಾಬರಿಯಲ್ಲಿ ಜೋರಾಗಿ ಬ್ರೇಕ್ ಒತ್ತಿದ ದಿನ ಕಿತ್ತು ಬರುತ್ತದೆ. ಪರೀಕ್ಷೆ ಸುಲಭ. ಪೈಪಿಲ್ಲದೆ ಬರೀ ನಟ್ಟನ್ನು ಬೆರಳಿನಿಂದ ಮೂರು ಸುತ್ತು ತಿರುಗಿಸಿ, ಅಕ್ಕಪಕ್ಕ ಅಲ್ಲಾಡಿಸಿ. ಗಡಗಡ ಅಲ್ಲಾಡಿದರೆ ಅದು ಆ ರಂಧ್ರದ ನಟ್ ಅಲ್ಲ. ಪಿಚ್ ಗೇಜ್ ಇದ್ದರೆ ಅನುಮಾನಕ್ಕೇ ಎಡೆಯಿಲ್ಲ. ಇಂಥ ಕೀಲಿನಲ್ಲಿ ಒಮ್ಮೆ ಬಿಗಿದಿದ್ದರೆ ಆ ರಂಧ್ರದ ಥ್ರೆಡ್ಡನ್ನೂ ನಂಬಬೇಡಿ.

ಥ್ರೆಡ್ ಸರಿಯಿದ್ದರೆ ಸೀಟಿನ ಸರದಿ. ಟಾರ್ಚ್ ಹಿಡಿದು ರಂಧ್ರದ ತಳ ನೋಡಿ. ತಳದಲ್ಲಿ ಶಂಕುವಿನಂತೆ ಮೇಲೆದ್ದ ತುದಿ ಕಂಡರೆ ಅದಕ್ಕೆ ಒಳಮುಖವಾಗಿ ಮಡಚಿದ ಡಬಲ್ ಫ್ಲೇರ್ ಬೇಕು. ತಳವು ಆಲಿಕೆಯಂತೆ ಒಳಕ್ಕೆ ಇಳಿದಿದ್ದರೆ ಗುಳ್ಳೆಯಾಕಾರದ ಬಬಲ್ ಫ್ಲೇರ್ ಬೇಕು. ನಟ್ಟುಗಳೂ ಬೇರೆ: ಬಬಲ್ ಫ್ಲೇರಿನ ನಟ್ಟಿಗೆ ತುದಿ ಚಪ್ಪಟೆ, ಥ್ರೆಡ್ಡಿಗೆ ಮೊದಲು ಸ್ವಲ್ಪ ಬರಿಯ ಭಾಗ ಇರುತ್ತದೆ, ಡಬಲ್ ಫ್ಲೇರಿನ ನಟ್ಟಿನಲ್ಲಿ ಥ್ರೆಡ್ ತುದಿಯವರೆಗೂ ಬಂದು ಬಾಯಿ ಓರೆಯಾಗಿರುತ್ತದೆ. ಯುರೋಪಿನ ಫೋರ್ಡಿನಂಥ ಕಾರುಗಳ ಸಾಮಾನಿನಲ್ಲಿ ಬಬಲ್ಲೇ ಹೆಚ್ಚು, ಅಮೆರಿಕ ಮತ್ತು ಜಪಾನಿನ ಸಾಮಾನಿನಲ್ಲಿ ಡಬಲ್. ಮಾರುತಿಯ ಬಿಡಿಭಾಗ ಹಾಕಿ ಏನನ್ನಾದರೂ ಕಟ್ಟುತ್ತಿರುವ ನಮ್ಮ ಕಡೆಯವರು ಇದನ್ನು ನೆನಪಿಡಬೇಕು. ಅದೇ 10 ಮಿ.ಮೀ. ಥ್ರೆಡ್ ಇದ್ದರೂ ಸೀಟು ಬೇರೆ ಇರಬಹುದು.

ಮೂರನೆಯ ಪದ್ಧತಿಯೂ ಒಂದಿದೆ. ವಿಮಾನದ ಕಡೆಯಿಂದ ರೇಸಿಂಗಿಗೆ ಬಂದ ಎಎನ್ ಫಿಟ್ಟಿಂಗ್‌ನ 3ನೇ ಸೈಜಿಗೂ 3/8 ಇಂಚು, 24 ಥ್ರೆಡ್ಡೇ. ಆದರೆ ಅದರ ಫ್ಲೇರಿನ ಕೋನ 37 ಡಿಗ್ರಿ, ಸಾಮಾನ್ಯ ಬ್ರೇಕ್ ಪೈಪಿನದು 45 ಡಿಗ್ರಿ. ಥ್ರೆಡ್ ನೀಟಾಗಿ ಕೂರುತ್ತದೆ, ಅಲ್ಲಾಡುವುದಿಲ್ಲ, ಬಿಗಿಯೂ ಆಗುತ್ತದೆ. ಎಷ್ಟು ಬಿಗಿದರೂ ಜಿನುಗುತ್ತದೆ. ಹೆಣೆದ ಸ್ಟೀಲ್ ಹೋಸು ಚಾಸಿಯ ಪೈಪಿಗೆ ಸೇರುವ ಜಾಗದಲ್ಲಿ ಕಾರಣ ಗೊತ್ತಾಗದೆ ಸೋರುತ್ತಿದ್ದರೆ ಮೊದಲು ಇದನ್ನೇ ಶಂಕಿಸಿ. ನಡುವೆ ಸರಿಯಾದ ಅಡಾಪ್ಟರ್ ಹಾಕದೆ ಇದಕ್ಕೆ ಪರಿಹಾರವಿಲ್ಲ.

ತಾಮ್ರದ ವಾಷರಿನದೂ ಇಂಥದೇ ತೊಂದರೆ. ಹೋಸನ್ನು ಬಿಗಿಯುವ ಟೊಳ್ಳು ಬೋಲ್ಟಾದ ಬ್ಯಾಂಜೋ ಬೋಲ್ಟಿಗೆ ಎರಡೂ ಪಕ್ಕ ಒಂದೊಂದು ಹೊಸ ವಾಷರ್ ಬೇಕು, ಅದು ಕೂರುವ ಮೇಲ್ಮೈ ಸಪಾಟಾಗಿ ತೀಡಿರಬೇಕು. ಎರಕದ ಒರಟು ಮುಖದ ಮೇಲೆ ವಾಷರ್ ಕೂರಿಸಿದರೆ ನಿಲ್ಲುವುದಿಲ್ಲ. ಫ್ಲೇರ್ ಕೂರಬೇಕಾದ ಕಡೆ ವಾಷರ್ ತುರುಕಿದರೂ ನಿಲ್ಲುವುದಿಲ್ಲ. ಫ್ಲೇರ್ ಕೀಲಿಗೆ ಪ್ಲಂಬರ್ ಟೇಪ್ ಸುತ್ತುವುದಂತೂ ತಪ್ಪೇ: ಅಲ್ಲಿ ಸೋರಿಕೆ ತಡೆಯುವುದು ಥ್ರೆಡ್ ಅಲ್ಲ, ಸೀಟು. ಹರಿದ ಟೇಪಿನ ಎಳೆ ಮಾಸ್ಟರ್ ಸಿಲಿಂಡರಿನ ಸಣ್ಣ ರಂಧ್ರವನ್ನು ಮುಚ್ಚಿದರೆ ಇನ್ನೊಂದು ದೋಷ ಹುಟ್ಟುತ್ತದೆ.

ಕೊನೆಗೆ ಫ್ಲೇರ್. ಭೂತಗನ್ನಡಿಯಲ್ಲಿ ನೋಡಿ. ಒಂದು ಪಕ್ಕ ದಪ್ಪ, ಇನ್ನೊಂದು ಪಕ್ಕ ತೆಳುವಾಗಿದ್ದರೆ ಪೈಪನ್ನು ನೇರವಾಗಿ ಕತ್ತರಿಸಿಲ್ಲ, ಇಲ್ಲವೇ ಫ್ಲೇರ್ ಮಾಡುವ ಅಚ್ಚಾದ ಡೈ ಒಳಗೆ ಓರೆಯಾಗಿ ಹಿಡಿದಿತ್ತು. ಅಂಚಿನಲ್ಲಿ ಕೂದಲೆಳೆಯ ಬಿರುಕು ಕಂಡರೆ ಕತ್ತರಿಸಿದ ಮೇಲೆ ಒಳಗಿನ ಮುಳ್ಳನ್ನು ಕೆರೆದು ತೆಗೆದಿಲ್ಲ, ಅಥವಾ ಪೈಪು ಪದೇಪದೇ ಬಗ್ಗಿಸಿದ್ದರಿಂದ ಗಡುಸಾಗಿದೆ. ತೊಂಬತ್ತು ಭಾಗ ತಾಮ್ರಕ್ಕೆ ಹತ್ತು ಭಾಗ ನಿಕಲ್ ಸೇರಿದ ಪೈಪು ಬರೀ ತಾಮ್ರದ್ದಕ್ಕಿಂತ ಸ್ವಲ್ಪ ಗಟ್ಟಿ, ಬಗ್ಗಿಸಲು ಹೆಚ್ಚು ಶ್ರಮ, ಆದರೆ ಅದುರಿಗೆ ಚೆನ್ನಾಗಿ ತಡೆಯುತ್ತದೆ. ಬೆಲೆಯ ವ್ಯತ್ಯಾಸ ನೋಡಿ ತಾಮ್ರಕ್ಕೆ ಹೋಗಬೇಡಿ. 3/16ರ ಪೈಪಿನಲ್ಲಿ ಒಳ್ಳೆಯ ಬಬಲ್ ಫ್ಲೇರಿನ ಅಗಲ 7 ಮಿ.ಮೀ. ಆಸುಪಾಸು ಬರುತ್ತದೆ. ಹೊಸ ಫ್ಲೇರ್ ಮಾಡುವಾಗ ಪೈಪ್ ಕಟರ್ ಬಳಸಿ, ಒಳಗೂ ಹೊರಗೂ ಮುಳ್ಳು ತೆಗೆದು, ಡೈ ತುದಿಗೆ ಒಂದು ಹನಿ ಬ್ರೇಕ್ ಫ್ಲೂಯಿಡ್ ಹಚ್ಚಿ. ನಟ್ಟನ್ನು ಮೊದಲೇ ಪೈಪಿಗೆ ಏರಿಸಿರಬೇಕು. ಮುಗಿದ ಮೇಲೆ ಪೈಪಿನೊಳಗೆ ಗಾಳಿ ಊದಿ ಲೋಹದ ಪುಡಿಯನ್ನೆಲ್ಲ ಹೊರಹಾಕಿ. ಈ ಪುಡಿ ಮಾಸ್ಟರ್ ಸಿಲಿಂಡರಿನ ಸೀಲಿಗೆ ಸಿಕ್ಕಿದರೆ ಹೊಸ ಸಿಲಿಂಡರ್ ಕೂಡ ಒಳಗೇ ಸೋರುತ್ತದೆ. ಹೊರಗೆಲ್ಲೂ ಹನಿಯಿಲ್ಲದೆ ಪೆಡಲ್ ಇಳಿಯುತ್ತಿದ್ದರೆ ಮಾಸ್ಟರಿನ ಔಟ್‌ಲೆಟ್‌ಗೆ ಸರಿಯಾದ ಬಿರಡೆ ಹಾಕಿ ಪೆಡಲ್ ಒತ್ತಿ. ಆಗಲೂ ಇಳಿದರೆ ತಪ್ಪು ಸಿಲಿಂಡರಿನ ಒಳಗೆಯೇ ಇದೆ.

ಎಷ್ಟು ಬ್ಲೀಡ್ ಮಾಡಿದರೂ ಹೋಗದ ಗಾಳಿ

ಕ್ಯಾಲಿಪರ್ ನೋಡಿ. ಗಾಳಿ ಹೊರಬಿಡುವ ಬ್ಲೀಡ್ ನಿಪ್ಪಲ್ ಕ್ಯಾಲಿಪರಿನ ತುತ್ತತುದಿಯಲ್ಲಿ ಇದೆಯೇ? ಎಡಗಡೆಯದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದರೆ ನಿಪ್ಪಲ್ ಕೆಳಗೆ ಬರುತ್ತದೆ, ಗಾಳಿ ಮೇಲೆಯೇ ಉಳಿಯುತ್ತದೆ. ಬೋಲ್ಟುಗಳು ಎರಡು ಕಡೆಯೂ ಸರಿಯಾಗಿ ಕೂರುವುದರಿಂದ ಈ ತಪ್ಪು ಗೊತ್ತೇ ಆಗುವುದಿಲ್ಲ. ಬೇರೆ ಕಾರಿನ ಹಿಂದಿನ ಕ್ಯಾಲಿಪರನ್ನು ಹೊಸ ಬ್ರಾಕೆಟ್ಟಿನಲ್ಲಿ ತಿರುಗಿಸಿ ಕೂರಿಸಿದಾಗಲೂ ಹೀಗೇ ಆಗುತ್ತದೆ. ತಿರುಗಿಸಲು ಸಾಧ್ಯವೇ ಇಲ್ಲದಿದ್ದರೆ ಕ್ಯಾಲಿಪರನ್ನು ಬಿಚ್ಚಿ, ಪಿಸ್ಟನ್ ಹೊರಬರದಂತೆ ಪ್ಯಾಡುಗಳ ನಡುವೆ ಡಿಸ್ಕಿನಷ್ಟೇ ದಪ್ಪದ ಮರದ ತುಂಡು ಇಟ್ಟು, ನಿಪ್ಪಲ್ ಮೇಲೆ ಬರುವಂತೆ ಹಿಡಿದು ಬ್ಲೀಡ್ ಮಾಡಿ ಮತ್ತೆ ಕೂರಿಸಿ.

ನಂತರ ಪೈಪಿನ ದಾರಿ. ಫುಟ್‌ವೆಲ್ಲಿನಿಂದ ಟನೆಲ್ಲಿಗೆ ಇಳಿಯುವ ಮೊದಲು ಪೈಪು ಮೇಲಕ್ಕೆ ಗೂನು ಹೊಡೆದಿದ್ದರೆ ಆ ಗೂನಿನಲ್ಲಿ ಗುಳ್ಳೆ ನಿಲ್ಲುತ್ತದೆ, ಪೆಡಲಿನ ನಿಧಾನ ಒತ್ತಿಗೆ ಅದು ಕದಲುವುದಿಲ್ಲ. ಪೈಪು ಕವಲೊಡೆಯುವ ಟಿ ಆಕಾರದ ತುಂಡಿಗೆ ಸಿಕ್ಕಿಸಿದ ಬ್ರೇಕ್ ದೀಪದ ಪ್ರೆಶರ್ ಸ್ವಿಚ್ ಮೇಲ್ಮುಖವಾಗಿದ್ದರೆ ಅದರ ಒಳಗೂ ಗಾಳಿ ಸೇರಿಕೊಂಡಿರುತ್ತದೆ. ಅದನ್ನು ಅಡ್ಡ ಇಲ್ಲವೇ ಕೆಳಮುಖ ಮಾಡಿ. ಇಂಥ ಕಡೆ ಪ್ರೆಶರ್ ಬ್ಲೀಡರ್ ಒಳ್ಳೆಯದು, ಏಕೆಂದರೆ ಫ್ಲೂಯಿಡ್ ನಿಲ್ಲದೆ ಹರಿದು ಗುಳ್ಳೆಯನ್ನು ಎಳೆದೊಯ್ಯುತ್ತದೆ.

ಎರಡು ಮಾಸ್ಟರ್ ಸಿಲಿಂಡರ್ ಮತ್ತು ನಡುವೆ ಬಲವನ್ನು ಮುಂದಿನ ಹಿಂದಿನ ಬ್ರೇಕುಗಳಿಗೆ ಹಂಚುವ ಬ್ಯಾಲೆನ್ಸ್ ಬಾರ್ ಇರುವ ಪೆಡಲ್ ಬಾಕ್ಸಿನಲ್ಲಿ ಒಂದೊಂದೇ ಚಕ್ರ ಬ್ಲೀಡ್ ಮಾಡಿದರೆ ಬಾರ್ ಒಂದು ಕಡೆಗೆ ಪೂರ್ತಿ ವಾಲಿ ಸಿಲಿಂಡರ್ ಪೂರ್ಣ ಸ್ಟ್ರೋಕ್ ಹೋಗುವುದಿಲ್ಲ. ಮುಂದಿನ ಒಂದು ನಿಪ್ಪಲ್, ಹಿಂದಿನ ಒಂದು ನಿಪ್ಪಲ್ ಎರಡನ್ನೂ ಒಟ್ಟಿಗೆ ತೆರೆದು ಬ್ಲೀಡ್ ಮಾಡಬೇಕು. ಇದಕ್ಕೆ ಮೂರು ಜನ ಬೇಕಾದರೂ ಆಗಲಿ, ಕರೆಯಿರಿ.

ಮಾಸ್ಟರ್ ಸಿಲಿಂಡರ್ ನೆಲದ ಕೆಳಗೆ, ಕ್ಯಾಲಿಪರಿಗಿಂತ ತಗ್ಗಿನಲ್ಲಿ ಕೂತಿರುವ ಕಾರುಗಳಲ್ಲಿ ಬಿಟ್ಟು ಬಂದ ಮರುದಿನ ಮೊದಲ ಪೆಡಲ್ ಕೆಳಗೆ ಹೋಗುತ್ತದೆ. ಫ್ಲೂಯಿಡ್ ಹಿಂದಕ್ಕೆ ಇಳಿದಿರುತ್ತದೆ. ಡಿಸ್ಕಿನ ಲೈನಿಗೆ 2 ಪಿಎಸ್‌ಐ, ಡ್ರಮ್ಮಿನ ಲೈನಿಗೆ 10 ಪಿಎಸ್‌ಐ ಒತ್ತಡ ಉಳಿಸಿಕೊಳ್ಳುವ ರೆಸಿಡ್ಯುಯಲ್ ವಾಲ್ವ್ ಇದಕ್ಕೆ ಉಪಾಯ. ಡಿಸ್ಕಿಗೆ 10ರದ್ದು ಹಾಕಿದರೆ ಪ್ಯಾಡು ಸದಾ ಉಜ್ಜುತ್ತದೆ. ಸಿಲಿಂಡರ್ ಎತ್ತರದಲ್ಲೇ ಇರುವ ಸೆವೆನ್ ಬಗೆಯ ಕಾರಿಗೆ ಈ ವಾಲ್ವ್ ಬೇಡವೇ ಬೇಡ.

ಫ್ಲೂಯಿಡ್ ಯಾವುದು? ಡಾಟ್ 4 ದರ್ಜೆಯದು ಹೊಸದಾಗಿ, ತೇವವಿಲ್ಲದೆ ಇದ್ದಾಗ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು, ತೇವ ಹೀರಿದ ಮೇಲೆ 155. ಡಾಟ್ 5.1ರಲ್ಲಿ ಅದು 260 ಮತ್ತು 180. ವರ್ಷಗಟ್ಟಲೆ ಕಟ್ಟುತ್ತ ಕೂತ ಕಾರಿನಲ್ಲಿ, ಹಿಂದೆಂದೋ ತೆರೆದಿಟ್ಟ ಡಬ್ಬಿಯ ಫ್ಲೂಯಿಡ್ ಹಾಕಿದ್ದರೆ ಬಿಸಿಯಾದ ಕೂಡಲೇ ಪೆಡಲ್ ಮೆತ್ತಗಾಗುತ್ತದೆ. ಡಾಟ್ 5 ಸಿಲಿಕೋನ್, ಅದನ್ನು ಇವುಗಳ ಜೊತೆ ಬೆರೆಸುವಂತಿಲ್ಲ. ಹೆಸರು ಹತ್ತಿರವಿರುವುದರಿಂದ 5.1ರ ಬದಲು 5 ಬಂದುಬಿಡುತ್ತದೆ, ಡಬ್ಬಿ ಓದಿ.

ಉದ್ದ ಪೆಡಲ್: ಲೆಕ್ಕ ಹಾಕಿ ನೋಡಿ

ಗಾಳಿ ಇಲ್ಲ, ಸೋರಿಕೆ ಇಲ್ಲ, ಆದರೂ ಪೆಡಲ್ ಕೆಳಗೆ ಹೋಗುತ್ತದೆ. ಇದು ಸಹಜವೋ ದೋಷವೋ ಎಂದು ತಿಳಿಯಲು ಕಾಗದ ಪೆನ್ಸಿಲ್ ಸಾಕು.

54 ಮಿ.ಮೀ. ವ್ಯಾಸದ ಒಂಟಿ ಪಿಸ್ಟನ್ನಿನ ಮುಂದಿನ ಕ್ಯಾಲಿಪರ್ ಎಂದಿಟ್ಟುಕೊಳ್ಳಿ. ಒಂದರ ವಿಸ್ತೀರ್ಣ 2290 ಚದರ ಮಿ.ಮೀ., ಎರಡಕ್ಕೆ 4580. ಪ್ರತಿ ಪಿಸ್ಟನ್ 0.3 ಮಿ.ಮೀ. ಚಲಿಸಬೇಕಾದರೆ ಸುಮಾರು 1374 ಘನ ಮಿ.ಮೀ. ಫ್ಲೂಯಿಡ್ ಬೇಕು. ಮುಂದಿನ ಸರ್ಕ್ಯೂಟಿನ ಮಾಸ್ಟರ್ 0.7 ಇಂಚಿನದಾದರೆ ಅದರ ವಿಸ್ತೀರ್ಣ 248. ಅಂದರೆ ಅದು 5.5 ಮಿ.ಮೀ. ಒಳಗೆ ಹೋಗಬೇಕು. ಪೆಡಲಿನ ಅನುಪಾತ 5 ಇದ್ದರೆ, ಅಂದರೆ ಪಾದ 5 ಮಿ.ಮೀ. ಒತ್ತಿದಾಗ ಮಾಸ್ಟರ್ 1 ಮಿ.ಮೀ. ಹೋಗುವುದಾದರೆ, ಪಾದದ ಬಳಿ 28 ಮಿ.ಮೀ. ಇದೇ ಕಡೆ 5/8 ಇಂಚಿನ ಮಾಸ್ಟರ್ ಹಾಕಿದರೆ 35 ಮಿ.ಮೀ. ಆಗುತ್ತದೆ, 3/4 ಇಂಚಿನದಾದರೆ 24. ಆದರೆ ಪ್ಯಾಡಿನ ಅಂತರ 0.3ರ ಬದಲು 0.5 ಆದರೆ 0.7ರ ಮಾಸ್ಟರಿಗೂ 46 ಮಿ.ಮೀ. ಬೇಕಾಗುತ್ತದೆ.

ಮಿಲಿಮೀಟರಿನ ಹತ್ತನೇ ಎರಡು ಭಾಗ ಪಾದದ ಬಳಿ 18 ಮಿ.ಮೀ. ಆಗಿ ಕಾಣುತ್ತದೆ ಎಂಬುದು ಇಲ್ಲಿ ಮುಖ್ಯ. ಆದ್ದರಿಂದ ಮಾಸ್ಟರ್ ಬದಲಿಸುವ ಮೊದಲು ಆ ಅಂತರ ಎಲ್ಲಿಂದ ಬಂತೆಂದು ಹುಡುಕಿ. ಡಿಸ್ಕಿಗೆ ಡಯಲ್ ಗೇಜ್ ಹಿಡಿದು ತಿರುಗಿಸಿ, ಓಲಾಟ 0.1 ಮಿ.ಮೀ. ಮೀರಿದರೆ ಅದು ಪ್ಯಾಡನ್ನು ಹಿಂದಕ್ಕೆ ತಳ್ಳುತ್ತದೆ. ಹಬ್ಬಿನ ಮೇಲೆ ಬಣ್ಣವೋ ಪೌಡರ್ ಕೋಟಿಂಗೋ ಉಳಿದಿದ್ದರೆ ಡಿಸ್ಕ್ ಓರೆಯಾಗುತ್ತದೆ, ಇದು ಹೊಸ ಕಾರುಗಳಲ್ಲಿ ತುಂಬ ಸಾಮಾನ್ಯ. ನಿಂತಲ್ಲಿ ಪೆಡಲ್ ಚೆನ್ನಾಗಿದ್ದು ತಿರುವು ದಾಟಿದ ಮೇಲಷ್ಟೇ ಉದ್ದವಾದರೆ ವೀಲ್ ಬೇರಿಂಗಿನ ಸಡಿಲ ನೋಡಿ. ಹಿಂದೆ ಡ್ರಮ್ ಇದ್ದರೆ ಶೂಗಳನ್ನು ಹೊಂದಿಸಿದ ನಂತರವೇ ಹ್ಯಾಂಡ್‌ಬ್ರೇಕಿನ ಕೇಬಲ್ ಜೋಡಿಸಿ. ಮೊದಲೇ ಕೇಬಲ್ ಎಳೆದು ಕಟ್ಟಿದರೆ ತಾನಾಗಿ ಹೊಂದಿಕೊಳ್ಳುವ ಯಂತ್ರ ಕೆಲಸ ಮಾಡುವುದಿಲ್ಲ.

ಗಟ್ಟಿ ಪೆಡಲ್, ಕಚ್ಚಿಕೊಂಡ ಬ್ರೇಕ್

ಕಾಲಿನ ಬಲವನ್ನು ಹೆಚ್ಚಿಸುವ ವ್ಯಾಕ್ಯೂಮ್ ಸರ್ವೋ ಇದ್ದ ಕಾರಿನ ಮಾಸ್ಟರನ್ನೇ ಸರ್ವೋ ತೆಗೆದು ಹಾಕಿದಾಗ ಪೆಡಲ್ ಗಟ್ಟಿಯಾಗುತ್ತದೆ, ಕಾರು ನಿಲ್ಲುವುದಿಲ್ಲ. ಚಿಕ್ಕ ವ್ಯಾಸದ ಮಾಸ್ಟರ್ ಬೇಕು. ಮೇಲಿನ ಲೆಕ್ಕದಲ್ಲಿ 0.7ರಿಂದ 5/8ಕ್ಕೆ ಇಳಿದರೆ ಅದೇ ಕಾಲಿನ ಬಲಕ್ಕೆ ಒತ್ತಡ ನಾಲ್ಕನೇ ಒಂದು ಭಾಗ ಹೆಚ್ಚುತ್ತದೆ, ಅದಕ್ಕೆ ತಕ್ಕಂತೆ ಪೆಡಲಿನ ಓಟವೂ ಹೆಚ್ಚುತ್ತದೆ.

ಸ್ವಲ್ಪ ದೂರ ಓಡಿದ ಮೇಲೆ ಬ್ರೇಕ್ ಕಚ್ಚಿಕೊಂಡು ಚಕ್ರ ಬಿಸಿಯಾಗುತ್ತದೆಯೇ? ಕಚ್ಚಿಕೊಂಡಿರುವಾಗಲೇ ನಿಪ್ಪಲ್ ಸಡಿಲಿಸಿ. ಚಿಮ್ಮಿ, ಚಕ್ರ ಬಿಟ್ಟುಕೊಂಡರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತು. ಬಿಟ್ಟುಕೊಳ್ಳದಿದ್ದರೆ ಕ್ಯಾಲಿಪರ್ ಪಿನ್ನೋ ಹ್ಯಾಂಡ್‌ಬ್ರೇಕೋ ಹಿಡಿದಿದೆ. ಒತ್ತಡ ಸಿಕ್ಕಿಕೊಂಡದ್ದಾದರೆ ಮುಂದಿನ ಸಲ ಮಾಸ್ಟರಿನ ಬಳಿಯ ನಟ್ಟನ್ನೇ ಸಡಿಲಿಸಿ ನೋಡಿ. ಅಲ್ಲೇ ಬಿಟ್ಟುಕೊಂಡರೆ ಪೆಡಲಿನಿಂದ ಪಿಸ್ಟನ್ನನ್ನು ತಳ್ಳುವ ಪುಶ್‌ರಾಡ್ ಉದ್ದವಾಗಿ ಹೊಂದಿಸಲಾಗಿದೆ: ಪಿಸ್ಟನ್ ಪೂರ್ತಿ ಹಿಂದೆ ಬರದೆ, ಫ್ಲೂಯಿಡ್ ಡಬ್ಬಿಗೆ ಹಿಂದಿರುಗುವ ರಂಧ್ರ ಮುಚ್ಚಿಕೊಂಡಿದೆ. ಪುಶ್‌ರಾಡ್ ತುದಿಯಲ್ಲಿ 1 ಮಿ.ಮೀ.ನಷ್ಟು ಸಡಿಲ ಬಿಡಿ. ಪೆಡಲನ್ನು ತಡೆಯಬೇಕಾದ್ದು ಪೆಡಲಿನ ಸ್ಟಾಪ್, ಸಿಲಿಂಡರ್ ಅಲ್ಲ. ಬ್ರೇಕ್ ದೀಪದ ಸ್ವಿಚ್ ಪೆಡಲನ್ನು ಮುಂದಕ್ಕೆ ತಳ್ಳಿ ಹಿಡಿದಿದ್ದರೂ ಇದೇ ಆಗುತ್ತದೆ.

ಮೊದಲ ಓಡಾಟ ಸಪಾಟಾದ ಖಾಸಗಿ ಜಾಗದಲ್ಲಿ, ನಡಿಗೆಯ ವೇಗದಲ್ಲಿ, ಹ್ಯಾಂಡ್‌ಬ್ರೇಕ್ ಹಿಡಿಯುತ್ತದೆ ಎಂದು ಖಚಿತವಾದ ಮೇಲೆ. ಹಿಂದಿನ ಚಕ್ರ ಮುಂದಿನದಕ್ಕಿಂತ ಮೊದಲು ಲಾಕ್ ಆದರೆ ಅಲ್ಲಿಗೇ ನಿಲ್ಲಿಸಿ, ಬ್ಯಾಲೆನ್ಸ್ ಬಾರನ್ನು ಮುಂದಿನ ಕಡೆಗೆ ತಿರುಗಿಸಿ.

ಪೈಪು ಹೋಗುವ ದಾರಿ

ಬ್ರಿಟನ್ನಿನಲ್ಲಿ 1998ರಿಂದ ಎಸ್‌ವಿಎ, 2009ರಿಂದ ಅದರ ಜಾಗಕ್ಕೆ ಬಂದ ಐವಿಎ ತಪಾಸಣೆಯಲ್ಲಿ ಇಂಥ ಕಾರು ಪಾಸಾಗಬೇಕು. ಉಜ್ಜುವ, ಜೋತುಬಿದ್ದ, ಬಿಸಿಗೆ ಹತ್ತಿರವಾದ ಪೈಪನ್ನು ತಪಾಸಕರು ಬಿಡುವುದಿಲ್ಲ. ರಬ್ಬರ್ ಒಳಪದರದ ಪಿ ಕ್ಲಿಪ್ಪುಗಳನ್ನು 300 ಮಿ.ಮೀ.ಗಿಂತ ಹತ್ತಿರ ಹತ್ತಿರ ಹಾಕಿ. ಪ್ಲಾಸ್ಟಿಕ್ ಟೈ ಸಾಲದು. ಹಲಗೆ ದಾಟುವಲ್ಲಿ ರಬ್ಬರ್ ಬಳೆಯಾದ ಗ್ರೊಮೆಟ್ ಇಲ್ಲವೇ ಬಲ್ಕ್‌ಹೆಡ್ ಫಿಟ್ಟಿಂಗ್ ಇರಲಿ. ಮುಂದಿನ ಹೋಸನ್ನು ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಸಸ್ಪೆನ್ಷನ್ ಪೂರ್ತಿ ಏರಿಸಿ ಇಳಿಸಿ ನೋಡಬೇಕು. ನೇರ ನಿಂತಾಗ ಸರಿಯಿದ್ದದ್ದು ಪೂರ್ಣ ತಿರುವಿನಲ್ಲಿ ಟೈರಿಗೆ ತಾಗುತ್ತದೆ.

ಒಂದು ಮಾತನ್ನು ಒತ್ತಿ ಹೇಳಬೇಕು. ಬ್ಯಾಟರಿಯಿಂದ ಸ್ಟಾರ್ಟರಿಗೆ ಹೋಗುವ ದಪ್ಪ ಕೇಬಲ್ಲನ್ನು ಪೆಟ್ರೋಲ್ ಪೈಪಿನ ಜೊತೆ ಒಂದೇ ಕ್ಲಿಪ್ಪಿನಲ್ಲಿ ಎಂದೂ ಕಟ್ಟಬೇಡಿ. ಆ ಕೇಬಲ್ಲಿಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ. ಅದುರಿ ಅದುರಿ ಮೇಲಿನ ಪದರ ಸವೆದರೆ ಕಿಡಿ ಹಾರುವುದು ಪೆಟ್ರೋಲ್ ತುಂಬಿದ ಲೋಹದ ಪೈಪಿಗೆ. ಟನೆಲ್ಲಿನಲ್ಲಿ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಒಯ್ಯಿರಿ.

ಪೆಟ್ರೋಲ್ ಕಡೆ

ಪೆಟ್ರೋಲ್ ತುಂಬುವ ಮೊದಲೇ ಲೈನನ್ನು ಟ್ಯಾಂಕಿನಿಂದ ಬೇರೆ ಮಾಡಿ, ಒಂದು ತುದಿ ಮುಚ್ಚಿ, ಕೈಪಂಪಿನಿಂದ ಅಲ್ಪ ಒತ್ತಡದ ಗಾಳಿ ತುಂಬಿ, ಕೀಲುಗಳಿಗೆ ಸೋಪಿನ ನೀರು ಹಚ್ಚಿ ನೋಡಿ. ಕಾರ್ಬ್ಯುರೇಟರ್ ಲೈನಿಗೆ 0.3 ಬಾರ್ ಸಾಕು. ತುಂಬಿದ ಮೇಲೆ ಸೋರಿಕೆ ಹುಡುಕುವುದಾದರೆ ಬಾಗಿಲು ತೆರೆದು, ಬ್ಯಾಟರಿ ಬಿಚ್ಚಿ, ಅಗ್ನಿಶಾಮಕ ಸಿಲಿಂಡರ್ ಕೈಗೆಟಕುವಂತೆ ಇಟ್ಟುಕೊಂಡೇ ಕೆಲಸ.

ವಾಸನೆ ಬರುತ್ತದೆ, ಹನಿ ಕಾಣುವುದಿಲ್ಲ ಎಂದರೆ ಹೋಸನ್ನೇ ನೋಡಿ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲ್ ಇ10, ಅಂದರೆ ಶೇಕಡಾ ಹತ್ತರವರೆಗೆ ಎಥನಾಲ್ ಬೆರೆತದ್ದು. ನಮ್ಮಲ್ಲಿ ಈಗ ಇ20. ಎಥನಾಲ್ ತಾಳದ ಹಳೆಯ ರಬ್ಬರ್ ಹೋಸು ಒಳಗಿನಿಂದ ಮೆತ್ತಗಾಗಿ, ಬಿರುಕು ಬಿಟ್ಟು, ಕರಿ ಪುಡಿಯನ್ನು ಫಿಲ್ಟರಿಗೆ ಕಳಿಸುತ್ತದೆ. ಹೋಸಿನ ಮೇಲೆ ಆರ್9 ಎಂದು ಅಚ್ಚಾಗಿರಲಿ, ಕಾರ್ಬ್ಯುರೇಟರ್ ಕಾರಿಗೂ ಅದೇ ಹಾಕಿ. ಟ್ಯಾಂಕಿನ ಒಳಗೆ ಮುಳುಗುವ ತುಂಡಿಗೆ ಮಾತ್ರ ಆರ್10 ಬೇಕು. ಆರ್9ರ ಹೊರಪದರ ಪೆಟ್ರೋಲಿನಲ್ಲಿ ಮುಳುಗಿರಲು ಮಾಡಿದ್ದಲ್ಲ. 8 ಮಿ.ಮೀ. ಪೈಪಿನ ತುದಿಗೆ ಫ್ಲೇರಿಂಗ್ ಟೂಲಿನ ಮೊದಲ ಹಂತದಲ್ಲಿ ಉಬ್ಬು ಎಬ್ಬಿಸಿರಬೇಕು, ನುಣ್ಣಗಿನ ಪೈಪಿನಿಂದ ಹೋಸು ಜಾರುತ್ತದೆ. ಹಲ್ಲಿನ ಪಟ್ಟಿಯ ಜುಬಿಲಿ ಕ್ಲಿಪ್ ರಬ್ಬರ್ ಕೊಯ್ಯುತ್ತದೆ. ಅಂಚು ಮಡಚಿದ ಇಂಜೆಕ್ಷನ್ ಕ್ಲಿಪ್ ಬಳಸಿ.

ಹತ್ತು ನಿಮಿಷ ಚೆನ್ನಾಗಿ ಓಡಿ, ಎಂಜಿನ್ ಕೆಮ್ಮಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆಯೇ? ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆರೆಯಿರಿ. ಬುಸ್ ಎಂದು ಗಾಳಿ ಒಳಗೆ ಎಳೆದುಕೊಂಡರೆ ಟ್ಯಾಂಕಿಗೆ ಉಸಿರಾಡುವ ದಾರಿ ಇಲ್ಲ. ಬುಸ್ ಎನ್ನದಿದ್ದರೆ ಎಕ್ಸಾಸ್ಟಿನ ಹತ್ತಿರ ಪೈಪು ಬಿಸಿಯಾಗುತ್ತಿದೆಯೇ ನೋಡಿ, 100 ಮಿ.ಮೀ. ಅಂತರ ಇಲ್ಲದ ಕಡೆ ತಗಡಿನ ತಡೆ ಬೇಕು. ಪಂಪು ಟ್ಯಾಂಕಿನಿಂದ ದೂರ, ಎತ್ತರದಲ್ಲಿದ್ದರೂ ಇದೇ ಲಕ್ಷಣ. ಎಲೆಕ್ಟ್ರಿಕ್ ಪಂಪು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಬಡವ. ಅದನ್ನು ಟ್ಯಾಂಕಿನ ಪಕ್ಕ, ತಗ್ಗಿನಲ್ಲಿ ಇಡಿ, ಅದರ ಮುಂಚೆ ಒರಟು ಜಾಲರಿಯ ಫಿಲ್ಟರ್ ಮಾತ್ರ ಹಾಕಿ. ನಯವಾದ 10 ಮೈಕ್ರಾನ್ ಫಿಲ್ಟರ್ ಪಂಪು ದಾಟಿದ ಮೇಲೆ, ಎಂಜಿನ್ ಕಡೆಗೆ. ಇವೆರಡು ಅದಲುಬದಲಾದರೆ ಪಂಪು ಕಿರುಚುತ್ತದೆ, ಬೇಗ ಸಾಯುತ್ತದೆ.

ಕರಿ ಹೊಗೆ, ಕಾರ್ಬ್ಯುರೇಟರಿನಿಂದ ಉಕ್ಕುವ ಪೆಟ್ರೋಲ್: ಒತ್ತಡ ಹೆಚ್ಚು. ವೆಬರ್ ಡಿಸಿಒಇ ಕಾರ್ಬ್ಯುರೇಟರಿಗೆ 3ರಿಂದ 3.5 ಪಿಎಸ್‌ಐ ಮೀರಬಾರದು, ಮೀರಿದರೆ ನೀಡಲ್ ವಾಲ್ವ್ ತಡೆಯುವುದಿಲ್ಲ. ಇಂಜೆಕ್ಷನ್ ಎಂಜಿನ್ನಿಗೆ ಸಾಮಾನ್ಯವಾಗಿ 3 ಬಾರ್ ಸುತ್ತಮುತ್ತ. ಅಲ್ಲಿ ಒತ್ತಡ ಹೆಚ್ಚಿದ್ದರೆ ರಿಟರ್ನ್ ಪೈಪನ್ನು ರೆಗ್ಯುಲೇಟರಿನ ಬಳಿ ಬಿಚ್ಚಿ ಸುರಕ್ಷಿತವಾಗಿ ಒಂದು ಕ್ಯಾನಿಗೆ ಬಿಟ್ಟು ಅಳೆಯಿರಿ. ಈಗ ಒತ್ತಡ ಸರಿಬಂದರೆ ರಿಟರ್ನ್ ಪೈಪು ಕಿರಿದಾಗಿದೆ ಇಲ್ಲವೇ ಮಡಚಿದೆ, ರೆಗ್ಯುಲೇಟರ್ ಸರಿಯಿದೆ.

ಜೋರು ತಿರುವಿನಲ್ಲಿ ಮಾತ್ರ, ಟ್ಯಾಂಕ್ ಅರ್ಧಕ್ಕಿಂತ ಕಡಿಮೆ ಇದ್ದಾಗ ಎಂಜಿನ್ ಮುಗ್ಗರಿಸಿದರೆ ಪೆಟ್ರೋಲ್ ಪಿಕಪ್ಪಿನಿಂದ ದೂರ ಸರಿಯುತ್ತಿದೆ. ಟ್ಯಾಂಕಿನೊಳಗೆ ತಡೆಹಲಗೆ, ಇಲ್ಲವೇ ಸದಾ ತುಂಬಿರುವ ಒಂದೆರಡು ಲೀಟರಿನ ಪಾತ್ರೆಯಾದ ಸ್ವರ್ಲ್ ಪಾಟ್ ಬೇಕು. ಸಣ್ಣ ಪಂಪು ಅದನ್ನು ತುಂಬುತ್ತಿರಬೇಕು, ಹೈ ಪ್ರೆಶರ್ ಪಂಪು ಅದರ ತಳದಿಂದ ಎಳೆಯಬೇಕು, ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ರೈಲಿನಿಂದ ಬಂದ ರಿಟರ್ನ್ ಪಾಟಿಗೇ ಮರಳಿ, ಉಕ್ಕಿದ್ದು ಪಾಟಿನ ಮೇಲ್ತುದಿಯಿಂದ ಟ್ಯಾಂಕಿಗೆ ಹೋಗಬೇಕು. ಈ ಕೊನೆಯ ಪೈಪನ್ನು ಪಕ್ಕದಲ್ಲಿ ಜೋಡಿಸಿದರೆ ಪಾಟಿನ ಮೇಲೆ ಗಾಳಿ ನಿಲ್ಲುತ್ತದೆ.

ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಮಾತ್ರ ಶಕ್ತಿ ಇಲ್ಲವೆಂದರೆ ಹರಿವು ಅಳೆಯಿರಿ. 150 ಅಶ್ವಶಕ್ತಿಯ ಎಂಜಿನ್ ಪೂರ್ಣ ಬಲದಲ್ಲಿ ಗಂಟೆಗೆ ಸುಮಾರು 46 ಲೀಟರ್ ಕುಡಿಯುತ್ತದೆ, ನಿಮಿಷಕ್ಕೆ ಮುಕ್ಕಾಲು ಲೀಟರಿಗೆ ತುಸು ಹೆಚ್ಚು. ಇಂಜೆಕ್ಷನ್ ಕಾರಾದರೆ ರಿಟರ್ನನ್ನು, ಕಾರ್ಬ್ಯುರೇಟರ್ ಆದರೆ ಅದಕ್ಕೆ ಹೋಗುವ ಹೋಸನ್ನು ಅಳತೆಯ ಕ್ಯಾನಿಗೆ ಬಿಟ್ಟು, ಎಂಜಿನ್ ಆರಿಸಿ ಪಂಪು ಮಾತ್ರ ಅರ್ಧ ನಿಮಿಷ ಓಡಿಸಿ. 380 ಮಿ.ಲೀ.ಗಿಂತ ಕಡಿಮೆ ಬಂದರೆ ಕೊರತೆ ಇದೆ. ಪಂಪನ್ನು ದೂರುವ ಮೊದಲು ಅದರ ಎರಡು ತುದಿಗಳ ನಡುವೆಯೇ, ಅದು ಓಡುತ್ತಿರುವಾಗಲೇ, ವೋಲ್ಟೇಜ್ ಅಳೆಯಿರಿ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8 ಇದ್ದು ಪಂಪಿನಲ್ಲಿ 12ಕ್ಕಿಂತ ಕಡಿಮೆ ಸಿಕ್ಕಿದರೆ ನಡುವಿನ ತಂತಿಯೋ ರಿಲೇಯೋ ಅರ್ತಿಂಗೋ ನುಂಗುತ್ತಿದೆ. ಪೌಡರ್ ಕೋಟಿಂಗ್ ಮೇಲೆಯೇ ಬಿಗಿದ ಅರ್ತ್ ಬೋಲ್ಟು ಬಹಳ ಸಲ ಕಾರಣವಾಗಿರುತ್ತದೆ. ಅಲ್ಲಿ ಬಣ್ಣ ಕೆರೆದು ಬರಿಯ ಲೋಹಕ್ಕೆ ಬಿಗಿಯಿರಿ. ಪಂಪು ಸದ್ದೇ ಮಾಡದಿದ್ದರೆ ಮೊದಲು ಡಿಕ್ಕಿಯಾದಾಗ ಪಂಪನ್ನು ನಿಲ್ಲಿಸುವ ಇನರ್ಷಿಯಾ ಸ್ವಿಚ್ಚಿನ ಗುಂಡಿ ಒತ್ತಿ ನೋಡಿ. ಗಟ್ಟಿ ಸಸ್ಪೆನ್ಷನ್ನಿನ ಹಗುರ ಕಾರಿನಲ್ಲಿ ಅದು ಹಳ್ಳಕ್ಕೆ ಬಿದ್ದಾಗಲೂ ಜಾರಿರುತ್ತದೆ. ಅದನ್ನು ತಂತಿಯಿಂದ ಬೈಪಾಸ್ ಮಾಡಬೇಡಿ, ಅದುರು ಕಡಿಮೆ ಇರುವ ಗಟ್ಟಿ ಚೌಕಟ್ಟಿಗೆ ನೆಟ್ಟಗೆ ನಿಲ್ಲುವಂತೆ ಕೂರಿಸಿ.